ಮೊಳೆ ಹೊಡೆದ ಮಣೆ

ಸಿಟ್ಟಿನಲ್ಲಿ ಹೇಳಿದ ಕಥೆ ದೇವರಿಗೆ ಮುಟ್ಟುವುದಿಲ್ಲ ಎನ್ನುತ್ತಿದ್ದಳು ನಮ್ಮವ್ವ. ಅವಳು ಪುಣ್ಯವಂತೆ, ಅವಳ ಮಾತು ಸುಳ್ಳಿರಲಿಕ್ಕಿಲ್ಲ. ದೇವರಿಗೆ ಮುಟ್ಟದಿದ್ದರೆ ಬೇಡ, ಅವನಿಗೆ ಹೇಗೂ ಎಲ್ಲ ಗೊತ್ತಿದೆ. ನಮ್ಮೂರಿಗೆ ಮುಟ್ಟಿದರೆ ಸಾಕು. ದಿನಾ ಬೆಳಗ್ಗೆ ಲಿಂಗಪೂಜೆಗೆ ಕೂತಾಗ ನಾನು ಮಳೆ ಬೇಡುತ್ತೇನೆ, ಮಕ್ಕಳಿಗೆ ಆಯುಷ್ಯ ಬೇಡುತ್ತೇನೆ, ನಮ್ಮ ಹಿಟ್ಟಿನ ಗಿರಣಿಯ ಪಟ್ಟಿಯಲ್ಲಿ ಯಾರ ಸೆರಗೂ ಸಿಕ್ಕದಿರಲಿ ಎಂದು ಬೇಡುತ್ತೇನೆ. ಈ ಸಿಟ್ಟು ಇಳಿಸಪ್ಪ ಎಂದು ಮಾತ್ರ ಇವತ್ತಿನವರೆಗೆ ಬೇಡಿಲ್ಲ.

ನಮ್ಮೂರಲ್ಲಿ ಮಣೆಗಳು ಬೆಳೆಯುತ್ತವೆ. ಕೂಸು ಹುಟ್ಟಿದ ವಾರದಲ್ಲಿ ಹೊಳೆದಂಡೆಯ ಮರದಿಂದ ಎರಡು ಬೆರಳಗಲದ ಮಣೆಯೊಂದನ್ನು ಮಾಡಿಸಿ ತೊಟ್ಟಿಲ ಕೆಳಗೆ ಇಡುತ್ತೇವೆ. ಕೂಸು ಬೆಳೆದಂತೆ ಅದೂ ಬೆಳೆಯುತ್ತದೆ. ಹರೆಯಕ್ಕೆ ಬಂದ ಹುಡುಗರ ಮಣೆ ಒಂದೇ ಮಳೆಗಾಲದಲ್ಲಿ ಉಬ್ಬಿ ಕೋಣೆಯ ಬಾಗಿಲಲ್ಲಿ ಸಿಕ್ಕಿಬೀಳುತ್ತದೆ. ಕುಡಿತಕ್ಕೆ ಬಿದ್ದವರ ಮಣೆ ಓರೆಯಾಗುತ್ತದೆ, ಕೂತರೆ ಜಾರುತ್ತಾರೆ. ಮದುವೆಯಾದ ಹೆಣ್ಣು ತನ್ನ ಮಣೆಯನ್ನು ತಾನೇ ಹೊತ್ತು ಗಂಡನ ಮನೆಗೆ ಹೋಗಬೇಕು. ಒಮ್ಮೆ ಎತ್ತಿಕೊಂಡು ಹೋದವಳು ಅದನ್ನು ತವರಿನಲ್ಲಿ ತಿರುಗಿ ಹಾಕುವ ಹಾಗಿಲ್ಲ. ಸತ್ತವರ ಮಣೆ ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಪರವೂರಿನವರು ಇದನ್ನು ಕಂಡು ಬೆರಗಾದರೆ ನಮ್ಮವರಿಗೇ ಬೆರಗು. "ನಿಮ್ಮೂರಾಗ ಬೆಳಿಯಂಗಿಲ್ಲೇನ್ರಿ? ಮತ್ತ ಹ್ಯಾಂಗ ಕುಂದರ್ತೀರಿ?" ಎಂದು ಕೇಳುತ್ತಾರೆ.

ಊರ ಕೂಟದಲ್ಲಿ ದೊಡ್ಡ ಮಣೆಯವರು ಮಾತಾಡಬೇಕು, ಸಣ್ಣ ಮಣೆಯವರು ಕೇಳಬೇಕು. ಪಂಕ್ತಿಯಲ್ಲಿ ಬಡಿಸುವುದೂ ಮಣೆ ನೋಡಿಯೇ. ಮುಖ ನೋಡುವ ಪದ್ಧತಿ ನಮ್ಮಲ್ಲಿ ಕಡಿಮೆ.

ಕೂಸಿಗೆ ಮೂರು ತುಂಬಿದಾಗ ಅಳತೆಯವರು ಮನೆಗೆ ಬರುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ, ಕೂಸು ತಿರುಗುತ್ತದೆಯೋ ನೋಡುತ್ತಾರೆ. ಮಾಡಿನ ಮೇಲಿನ ಕಾಗೆಯ ಕಡೆ ಬೆರಳು ತೋರಿಸುತ್ತಾರೆ, ಕೂಸು ಕಾಗೆಯನ್ನು ನೋಡುತ್ತದೆಯೋ ಬೆರಳನ್ನು ನೋಡುತ್ತದೆಯೋ ಎಂದು ಕಾಯುತ್ತಾರೆ. ಬೊಂಬೆ ಕೊಟ್ಟರೆ ಆಡಿಸುತ್ತದೆಯೋ, ಬರೀ ಮೂಸುತ್ತದೆಯೋ. ಕೆಲವು ಕೂಸುಗಳು ತಿರುಗುವುದಿಲ್ಲ, ಬೆರಳನ್ನೂ ನೋಡುವುದಿಲ್ಲ, ಬಂದ ಮಾತನ್ನೂ ನುಂಗಿಕೊಂಡು ಗಾಲಿ ತಿರುಗಿಸುತ್ತ ಕೂಡುತ್ತವೆ. ಅಂಥ ಕೂಸಿನ ಮಣೆಯನ್ನು ಅಂಗಳಕ್ಕೆ ತಂದು, ನಟ್ಟನಡುವೆ ಒಂದು ಕಬ್ಬಿಣದ ಮೊಳೆ ಹೊಡೆಯುತ್ತಾರೆ. ಮೊಳೆ ಹೊಡೆದ ಮಣೆ ಬೆಳೆಯುವುದಿಲ್ಲ.

ನನ್ನ ತಮ್ಮ ಮುರಿಗೆಪ್ಪನ ಮಣೆಗೆ ಮೊಳೆ ಬಿದ್ದಾಗ ನಾನು ಲಂಗ ಎತ್ತಿ ಹಿಡಿದು ಓಡಾಡುವ ಹುಡುಗಿ. ಅಳತೆಯವರನ್ನು ನಾನು ಬಯ್ಯುವುದಿಲ್ಲ, ಅವರು ಕಂಡದ್ದನ್ನೇ ಹೇಳಿದರು. ಮುರಿಗೆಪ್ಪ ಹೆಸರಿಗೆ ತಿರುಗುತ್ತಿರಲಿಲ್ಲ. "ಅಕ್ಕ" ಎನ್ನಲು ಕಲಿತವನು ಅದನ್ನು ಬಿಟ್ಟುಕೊಟ್ಟಿದ್ದ. ರಾಟೆಯ ಹತ್ತಿರ ಕೂತರೆ ಹೊತ್ತು ಮುಳುಗಿದರೂ ಎಬ್ಬಿಸಲಾಗುತ್ತಿರಲಿಲ್ಲ. ಅದಕ್ಕೂ ಮೊದಲು ಓಣಿಯವರು ನಮ್ಮವ್ವನನ್ನೇ ಅನ್ನುತ್ತಿದ್ದರು: ಎತ್ತಿ ಆಡಿಸಲಿಲ್ಲ, ಮೊಲೆಹಾಲು ತಣ್ಣಗಿತ್ತು, ಬಸುರಿಯಿದ್ದಾಗ ಗ್ರಹಣ ನೋಡಿದಳು. ಮೊಳೆ ಬಿದ್ದ ಮೇಲೆ ಆ ಮಾತು ನಿಂತವು. ಅವ್ವ ಆ ದಿನ ಅತ್ತಳು. ಅತ್ತು ಮುಗಿಸಿ, ಬಹಳ ದಿನದ ಮೇಲೆ, ಗೊರಕೆ ಹೊಡೆದು ಮಲಗಿದಳು. ಮಾತು ಕಲಿಸುವ ಹೆಂಗಸೊಬ್ಬಳು ಮನೆಗೆ ಬರತೊಡಗಿದಳು. ಮದುವೆ ಮೆರವಣಿಗೆ ನಮ್ಮ ಓಣಿ ದಾಟುವಾಗ ಮುರಿಗೆಪ್ಪನಿಗೆ ಸಪ್ಪಳ ತಾಳದೆಂದು ಹಲಗೆಯವರು ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಇದೆಲ್ಲ ಮೊಳೆಯಿಂದ ಬಂದ ಪುಣ್ಯವೇ. ಇಲ್ಲ ಎನ್ನಲಾರೆ.

ನನ್ನ ಸಿಟ್ಟು ಬೇರೆ. ಮೊಳೆ ಹೊಡೆಯಲು ಊರೇ ಬಂದಿತ್ತು. ಹೊಡೆದ ಮೇಲೆ ನೋಡಲು ಒಬ್ಬರೂ ಬರಲಿಲ್ಲ.

ಮಣೆ ನಿಂತಿತು, ಮುರಿಗೆಪ್ಪ ನಿಲ್ಲಲಿಲ್ಲ. ಓರಗೆಯವರು ಮಗ್ಗಿ ಹೇಳುವ ವಯಸ್ಸಿನಲ್ಲಿ ಅವನಿಗೆ ಮಾತು ಬಂತು, ಅದೂ ಎರವಲು ಮಾತು. ಹಸಿವಾದರೆ "ಉಪ್ಪ್ ಬೇಕೇನ್ರೀ ಉಪ್ಪ್" ಎಂದು ಉಪ್ಪಿನವಳ ದನಿಯಲ್ಲೇ ಕೂಗುತ್ತಿದ್ದ. ಅವ್ವ ತಿಳಿದುಕೊಂಡು ರೊಟ್ಟಿ ಕೊಡುತ್ತಿದ್ದಳು. ಬರಬರುತ್ತ ಸ್ವಂತ ಮಾತು ಬಂದವು, ಎಣ್ಣೆ ಅಳೆದು ಹಾಕಿದ ಹಾಗೆ. ಮೀಸೆ ಮೂಡುವ ಕಾಲ ಕೆಟ್ಟದ್ದಿತ್ತು. ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದ, ನನ್ನ ಕೈ ಕಚ್ಚಿದ, ಗುರುತು ಇನ್ನೂ ಇದೆ. ಸಣ್ಣವನಿದ್ದಾಗ ರಾಗವಾಗಿ ಹಾಡುತ್ತಿದ್ದವನು ಆಗ ಬಿಟ್ಟ ಹಾಡನ್ನು ಮತ್ತೆ ಹಾಡಲಿಲ್ಲ. ಆಮೇಲೆ ಆ ಬಿರುಗಾಳಿ ಕೂತಿತು. ಅವ್ವನ ಮಣಿಕಟ್ಟು ನೋಯಲು ಶುರುವಾದಾಗ ರೊಟ್ಟಿ ಬಡಿಯಲು ಕಲಿತ. ಮೂವತ್ತು ದಾಟಿದ ಮೇಲೆ ಒಬ್ಬನೇ ಅಂಗಡಿಗೆ ಹೋಗಿಬರಲು ಕಲಿತ. ಆ ವಯಸ್ಸಿನಲ್ಲಿ ನಮ್ಮೂರ ದೊಡ್ಡ ಮಣೆಯವರು ಕಲಿತದ್ದನ್ನೂ ಮರೆಯತೊಡಗಿರುತ್ತಾರೆ.

ಊರು ಅವನಿಗೆ ಪ್ರತಿ ಪಂಚಮಿಗೂ ಒಂದು ಅಂಗಿ ಕಳಿಸುತ್ತಿತ್ತು. ಮೊಳೆ ಬಿದ್ದ ಮಕ್ಕಳಿಗೆ ಊರ ಉಡುಗೊರೆ ಅದು, ಮಣೆಯ ಅಳತೆಗೆ ಹೊಲಿದದ್ದು. ಮುರಿಗೆಪ್ಪನಿಗೆ ಮೀಸೆ ಬಂತು, ಮೂರು ವರ್ಷದ ಕೂಸಿನ ಅಂಗಿ ಬಂತು. ಕಿವಿಯ ಮೇಲೆ ಕೂದಲು ನರೆತವು, ಅಂಗಿ ಬಂತು. ತರುವವರು ಅದನ್ನು ಅವನ ಎದೆಗೆ ಹಿಡಿದು "ಎಷ್ಟ ಚಂದ ಕಾಣ್ತಾನ ನಮ್ಮ ಮುರಿಗ್ಯಾ" ಎನ್ನುತ್ತಿದ್ದರು, ನಗದೆ. ಅವ್ವ ಕೈಮುಗಿದು ತೆಗೆದುಕೊಂಡು, ಬಿಚ್ಚಿ, ಹೊದೆಯುವ ಕೌದಿಗೆ ಹಚ್ಚುತ್ತಿದ್ದಳು. ಕೌದಿ ದಪ್ಪವಾಗುತ್ತ ಹೋಯಿತು.

ಇನ್ನೊಬ್ಬನಿದ್ದ, ಇರುಪಾಕ್ಷಿ. ಮುರಿಗೆಪ್ಪನ ಮಣೆಗೆ ಮೊಳೆ ಬಿದ್ದ ವರ್ಷವೇ ಅವನ ಮಣೆಗೂ ಬಿದ್ದಿತ್ತು. ಆದರೆ ಹುಡುಗ ಶಾಲೆಗೆ ಹೋಗುವ ಕಾಲಕ್ಕೆ ಅವನ ಮೊಳೆ ತಾನಾಗಿ ಸಡಿಲಾಗಿ, ಒಂದು ಮುಂಜಾನೆ ಉದುರಿಬಿತ್ತು. ನಮ್ಮೂರಲ್ಲಿ ಹಾಗಾಗುವುದು ಅಪರೂಪ. ಊರವರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹಲಗೆಯ ಸಪ್ಪಳಕ್ಕೆ ಅವನು ಕಿವಿ ಮುಚ್ಚಿಕೊಂಡದ್ದನ್ನು ಯಾರೂ ನೋಡಲಿಲ್ಲ, ಮಣೆ ನೋಡುತ್ತಿದ್ದರು. ಈಗ ಅವನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಎರಡು ಆಳು ಕೂಡುವಷ್ಟು ದೊಡ್ಡ ಮಣೆ. ಒಮ್ಮೆ ಮಧ್ಯಾಹ್ನ ಬೆಲ್ಲಕ್ಕೆಂದು ಹೋದಾಗ ಗಲ್ಲಾಪೆಟ್ಟಿಗೆಯ ಹತ್ತಿರ ಯಾರೂ ಇರಲಿಲ್ಲ. ಹಿಂದೆ ಹಣಿಕಿದರೆ, ಅಕ್ಕಿ ಚೀಲಗಳ ಸಂದಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ.

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ," ಎಂದ. "ಮಂದಿ ಮಾತು ತಲಿಯೊಳಗ ಹಂಗ ಕುಂತಬಿಡ್ತಾವ, ಇಳಿಯಾಕ ಹೊತ್ತು ಬೇಕು. ಮೊದಲಾದ್ರ ಅಳತಿದ್ದೆ, ಯಾರೂ ಏನೂ ಅನ್ನತಿರಲಿಲ್ಲ. ಮೊಳಿ ಉದುರಿದ ಮ್ಯಾಲ ನನಗ ದಣಿಯೂ ಹಕ್ಕೂ ಇಲ್ಲ ನೋಡ್ರಿ."

ಬೆಲ್ಲ ತಾನೇ ತೂಗಿ ಕೊಟ್ಟ. ಮುಖಕ್ಕೆ ಅಂಗಡಿಯ ನಗೆ ಹಾಕಿಕೊಂಡು ಹೊರಗೆ ಬಂದ. ಹೀಗೆ ನಮ್ಮೂರಿಗೆ ಗೊತ್ತಿರುವುದು ಎರಡೇ. ಮೊಳೆ ಇದ್ದರೆ ಕೂಸು, ಇಲ್ಲದಿದ್ದರೆ ಏನೂ ಆಗಿಯೇ ಇರಲಿಲ್ಲ.

ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ಈಗ ಅವ್ವ ಹಾಸಿಗೆ ಹಿಡಿದಳು. ನಾನು ಗಂಡನ ಮನೆಯಿಂದ ಹಗಲು ಹೋಗಿಬರುತ್ತಿದ್ದೆ, ಉಳಿದ ಹೊತ್ತೆಲ್ಲ ಮುರಿಗೆಪ್ಪನೇ. ಅವಳ ಮಗ್ಗುಲು ತಿರುಗಿಸುವುದು, ಗಂಜಿ ಕುಡಿಸುವುದು, ಹೊಲಸು ತೆಗೆಯುವುದು, ಎಲ್ಲ ಅವನ ಕೈಯಲ್ಲಿ. ಅವನು ಅವ್ವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದವನಲ್ಲ, ತಲೆ ನೇವರಿಸಿದವನೂ ಅಲ್ಲ. ನೀರು ಬಿಸಿಯಾಗಿದೆಯೋ ಇಲ್ಲವೋ ಎಂದು ಮಾತ್ರ ಮೊಣಕೈ ಅದ್ದಿ ನೋಡುತ್ತಿದ್ದ. ತಣ್ಣೀರು ತಾಗಿದರೆ ಅವ್ವ ಬೆಚ್ಚುತ್ತಿದ್ದಳು. ಒಂದು ದಿನ ಓಣಿಯ ಹೆಂಗಸರು ನೋಡಲು ಬಂದರು. ಮುರಿಗೆಪ್ಪ ಅವ್ವನ ಕಾಲು ಒರೆಸುತ್ತಿದ್ದ. ಅವನ ತಲೆಯ ಮೇಲಿಂದ ಒಬ್ಬಳು ಇನ್ನೊಬ್ಬಳಿಗೆ, "ಪಾಪ, ನೀಲವ್ವಗ ಸಾಯೂ ಕಾಲಕ್ಕೂ ಕೂಸು ಸಾಕೂದು ತಪ್ಪಲಿಲ್ಲ ನೋಡ" ಎಂದಳು. ನಾನು ಅವಳ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕಸಿದುಕೊಂಡೆ. ಕುಡಿದು ಮುಗಿದಿರಲಿಲ್ಲ. "ಯಾಕವ್ವಾ?" ಎಂದಳು. "ಆರಿ ಹೋಗೇತಿ" ಎಂದೆ.

ಅವ್ವ ಲಿಂಗೈಕ್ಯಳಾದಾಗ ಮುರಿಗೆಪ್ಪ ಅಳಲಿಲ್ಲ. ಮಣ್ಣಿಗೆ ಬಂದವರು "ಅವಗೇನ ತಿಳೀತೈತಿ ಬಿಡ್ರಿ" ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಆಮೇಲೆ ಅವನು ದಿನವಿಡೀ ಒಂದೇ ಸ್ವರದಲ್ಲಿ "ಅವ್ವ ಇಲ್ಲ" ಎನ್ನುತ್ತಿದ್ದ. ಒಲೆ ಹೊತ್ತಿಸುತ್ತ "ಅವ್ವ ಇಲ್ಲ". ಕಸ ಗುಡಿಸುತ್ತ "ಅವ್ವ ಇಲ್ಲ". ಅತ್ತವರೆಲ್ಲ ಮೂರನೆಯ ದಿನಕ್ಕೆ ಮೂಗು ಒರೆಸಿಕೊಂಡು ಹೊಲಕ್ಕೆ ಹೋದರು. ಅವನ ಆ ಮಾತು ನಿಲ್ಲಲಿಲ್ಲ.

ಸತ್ತವರ ಹೆಸರಿನಲ್ಲಿ ಊರಿಗೆ ಊಟ ಹಾಕುವ ಗಣಾರಾಧನೆಯ ದಿನ ಹಿರಿಯರು ಮನೆಯ ವಿಲೇವಾರಿ ಮಾಡಬೇಕು, ಅದು ನಮ್ಮ ರೂಢಿ. ಬೆಳೆದ ಮಣೆ ಮನೆಯಲ್ಲಿ ಒಂದಾದರೂ ಇದ್ದರೆ ಮನೆ ಅದರದು. ಬರೀ ಸಣ್ಣ ಮಣೆ ಉಳಿದಿದ್ದರೆ ಬಾಗಿಲಿಗೆ ಕೀಲಿ ಹಾಕಿ, ಮಣೆಯನ್ನೂ ಮಣೆಯವನನ್ನೂ ಕೂಸಿನಮನೆಗೆ ಒಯ್ಯುತ್ತಾರೆ.

ಕೂಸಿನಮನೆ ಕೆಟ್ಟ ಜಾಗವಲ್ಲ. ಅದೇ ಸಂಕಟ. ಸಾರಿಸಿದ ನೆಲ, ಅರಿಶಿನ ಹಾಕಿದ ಹಾಲು, ಬೈಯದ ಆಯಾಗಳು. ಅಲ್ಲಿ ತಲೆ ನರೆತವರು ಅಂಗೈಯಗಲದ ಮಣೆಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿ ಸಾಲಾಗಿ ಕೂತಿರುತ್ತಾರೆ. ಚಪ್ಪಾಳೆ ತಟ್ಟಿಸಿ ಹಾಡು ಹೇಳಿಸುತ್ತಾರೆ. ಹೊತ್ತು ಮುಳುಗುವ ಮೊದಲೇ ತಟ್ಟಿ ಮಲಗಿಸುತ್ತಾರೆ. ಹಿಂದೊಮ್ಮೆ ಹಣ್ಣು ಹಂಚಲು ಹೋಗಿದ್ದೆ. ನನ್ನವ್ವನ ವಯಸ್ಸಿನ ಒಬ್ಬಾಕೆ ನನ್ನ ಸೆರಗು ಜಗ್ಗಿ, "ಒಂದ ಉಳ್ಳಾಗಡ್ಡಿ ಹೆಚ್ಚಾಕ ಕೊಡಸ್ತೀಯೇನ ಯವ್ವಾ" ಎಂದು ಕೇಳಿದಳು. ಈಳಿಗೆ ಕೂಸುಗಳ ಕೈಗೆ ಕೊಡುವ ವಸ್ತುವಲ್ಲ ಎಂದು ಆಯಾ ನಕ್ಕಳು.

ನಿನ್ನ ಮನೆಗೆ ಕರೆದೊಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ, ಮನೆಗೆ ಹತ್ತಿಯೇ ಇದೆ. "ನಿನ್ನ ಮನ್ಯಾಗ ಗಿರಣಿ ಒದರತೈತಿ," ಎಂದ ಮುರಿಗೆಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ನನ್ನ ಒಲಿ ಐತಿ" ಎಂದ. ಅಷ್ಟು ಸಾಕಾಗಬೇಕಿತ್ತು, ಯಾವ ಮನುಷ್ಯನಿಗಾದರೂ.

ಪಂಕ್ತಿ ಎದ್ದ ಮೇಲೆ ಅಂಗಳದಲ್ಲಿ ಹಿರಿಯರು ಕೂತರು. ನಡುವೆ ಪತ್ರೆಪ್ಪನವರು, ನಮ್ಮೂರ ಹಿರಿಮಣೆ. ಅವರ ಮಣೆ ಎಷ್ಟು ದೊಡ್ಡದೆಂದರೆ ಹೊರಲು ನಾಲ್ಕು ಆಳು ಬೇಕು. ಇಳಿಸಿದ ಮೇಲೆ ಅದರ ಮೇಲೆ ಅವರು ತೊಟ್ಟಿಲಲ್ಲಿಟ್ಟ ನಿಂಬೆಹಣ್ಣಿನಂತೆ ಕಾಣುತ್ತಾರೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ, ನಿತ್ಯ ಭಸ್ಮಧಾರಿ. ಹಿಂದೆ ಕಟ್ಟೆಯ ಹತ್ತಿರ ಇರುಪಾಕ್ಷಿ ತನ್ನ ದೊಡ್ಡ ಮಣೆಯ ಅಂಚಿನಲ್ಲಿ ಮುದುರಿ ಕೂತಿದ್ದ. ಬಾಗಿಲಾಚೆ ಕೂಸಿನಮನೆಯ ಬಂಡಿ ನಿಂತಿತ್ತು. ಅದರಿಂದ ಇಳಿದ ಆಯಾ ಕೈಯಲ್ಲಿ ಕೂಸು ಆಡಿಸುವ ಗಿಲಕಿ ಹಿಡಿದಿದ್ದಳು. ಮುರಿಗೆಪ್ಪ ತನ್ನ ಅಂಗೈಯಗಲದ ಮಣೆಯ ಮೇಲೆ ಮುದುರಿ ಕೂತು ಇರುವೆಯ ಸಾಲು ನೋಡುತ್ತಿದ್ದ.

"ಕಸ್ತೂರಿ, ತಂಗೀ," ಎಂದರು ಪತ್ರೆಪ್ಪನವರು ನನಗೆ. "ನಿಮ್ಮವ್ವ ದೊಡ್ಡಾಕಿ. ಕೂಸಿನ್ನ ಹೂವಿನಂಗ ನೋಡಿಕೊಂಡ್ಲು. ಇನ್ನ ಊರು ನೋಡಿಕೊಳ್ತೈತಿ. ನೀ ಕಣ್ಣೀರು ಹಾಕಬ್ಯಾಡ."

"ಕಣ್ಣೀರು ಎಲ್ಲಿ ಹಾಕೀನ್ರಿ? ಈ ಮನ್ಯಾಗ ಒಲಿ ಹಚ್ಚಾವ ಅವ. ನೀರು ತರಾವ ಅವ. ಅವ್ವನ್ನ ಕಡೀತನಕ ಎತ್ತಿ ಇಳಿಸಿದಾವ ಅವ. ಮನಿ ಅವಂದು."

"ಮಣಿ?" ಎಂದರು ಅವರು. ಅಷ್ಟೇ. ನಮ್ಮೂರಲ್ಲಿ ಆ ಒಂದು ಮಾತಿಗೆ ಮುಂದೆ ಮಾತಿಲ್ಲ.

ಪಕ್ಕದ ಹಿರಿಯರೊಬ್ಬರು ಬಹಳ ನಯವಾಗಿ ಕೇಳಿದರು, "ಹಂಗಲ್ಲವ್ವಾ, ಇಂಥಾವ್ರೊಳಗ ಕೆಲವೊಬ್ಬರಿಗೆ ದೇವರು ಏನರ ವಿದ್ಯಾ ಕೊಟ್ಟಿರ್ತಾನ. ಯಾವ ತಾರೀಕು ಹೇಳಿದ್ರೂ ವಾರ ಹೇಳೂದು, ಒಮ್ಮೆ ಕೇಳಿದ ಪದ ಬಿಡದಂಗ ಹಾಡೂದು. ಹಂತಾದು ಏನರ ಐತೇನು ಇವಗ? ಇದ್ರ ವಿಚಾರ ಮಾಡಬಹುದು."

"ಇಲ್ರಿ. ರೊಟ್ಟಿ ಮಾಡ್ತಾನ."

"ಬಾಳ ಚಂದ ಮಾಡ್ತಾನೇನು?"

"ಇಲ್ರಿ. ಎಲ್ಲಾರ್ಹಂಗ. ಒಮ್ಮೊಮ್ಮೆ ಹೊತ್ತತಾವ."

ಅಂಗಳದಲ್ಲಿ ನಗೆ ಎದ್ದಿತು. ನನ್ನ ಕಿವಿ ಸುಟ್ಟವು. ಮನೆಯಲ್ಲಿ ಇರಲು ವಿದ್ಯೆ ಬೇಕೆ? ಹಾಗಾದರೆ ನಗುತ್ತಿದ್ದ ಅವರಲ್ಲಿ ಎಷ್ಟು ಜನ ಆ ಸಂಜೆ ತಮ್ಮ ಮನೆಗೆ ಹೋಗಬೇಕಿತ್ತು?

"ಇರುಪಾಕ್ಷಿ ಅದಾನಲ್ಲ ನೋಡ ತಂಗಿ," ಎಂದರು ಪತ್ರೆಪ್ಪನವರು, ಹಿಂದೆ ಕೈತೋರಿಸಿ. "ಮೊಳಿ ಉದುರೂದಿತ್ತು, ಉದುರಿತು. ಯಾರರ ತಡದ್ರೇನು? ನಿನ್ನ ತಮ್ಮಂದು ಉದುರಲಿಲ್ಲ. ಅಂದ್ರ ಅಳತಿ ಬರೋಬ್ಬರಿ ಇತ್ತು ಅಂತಾಯ್ತು."

ಇರುಪಾಕ್ಷಿ ತಲೆ ಎತ್ತಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿದಾಗ ಅಂಗಡಿಯ ನಗೆಯನ್ನು ಮುಖಕ್ಕೆ ತಂದುಕೊಂಡ. ಅದು ಅಲ್ಲಿ ನಡುಗುತ್ತ ನಿಂತಿತ್ತು.

ಅಷ್ಟರಲ್ಲಿ ನನ್ನ ಕೈ ಸೆರಗಿನ ಗಂಟು ಬಿಚ್ಚಿತ್ತು. ಯಜಮಾನರ ಇಕ್ಕಳವನ್ನು ನಾನು ಮುಂಜಾನೆಯೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. "ತಾನಾಗಿ ಉದುರದಿದ್ರ ನಾ ಕೀಳ್ತೀನಿ. ಹೊಡದಾಗ ಯಾರನ್ನ ಕೇಳಿ ಹೊಡದ್ರಿ? ಕೀಳಾಕ ನಾ ಯಾರನ್ನ ಕೇಳಬೇಕು?" ಎನ್ನುತ್ತ ಮುರಿಗೆಪ್ಪನ ಹತ್ತಿರ ಕೂತು, ಮಣೆಯ ಅಂಚಿಗೆ ಕೈ ಹಾಕಿದೆ.

ಅವನು ಚೀರಿದ. ನಾನು ಬಹಳ ವರ್ಷಗಳಿಂದ ಕೇಳಿರದ ಚೀರು. ಎದ್ದು ಮಣೆಯನ್ನು ಎದೆಗೆ ಒತ್ತಿ ಹಿಡಿದು, "ನಂದು! ನಂದು! ನನ್ನ ಮೊಳಿ!" ಎನ್ನುತ್ತ ಒಳಗೆ ಓಡಿಹೋದ. ಇಕ್ಕಳ ನನ್ನ ಕೈಯಲ್ಲೇ ಉಳಿಯಿತು. ನಾನು ಅವನನ್ನು ಕೇಳಿರಲಿಲ್ಲ. ಅಳತೆಯವರೂ ಕೇಳಿರಲಿಲ್ಲ. ಅಂಗಳದ ನಡುವೆ ನಿಂತು ನನಗೆ ಆದ ನಾಚಿಕೆ ಆ ಶಿವನಿಗೇ ಗೊತ್ತು.

"ನೋಡಿದಿಲ್ಲೋ?" ಎಂದರು ಪತ್ರೆಪ್ಪನವರು, ಮೆಲ್ಲಗೆ, ಗೆದ್ದವರ ಕರುಣೆಯಿಂದ. "ಕೂಸು ಅಂದ್ರ ಕೂಸು. ಬಾ ಯವ್ವಾ, ನೀನ ಹೋಗಿ ಕರಕೊಂಡ ಬಾ. ಬಂಡಿ ಕಾಯಾಕತ್ತೈತಿ." ಆಯಾ ಗಿಲಕಿ ಅಲ್ಲಾಡಿಸಿದಳು.

ಒಳಗಿನಿಂದ ಹೆಜ್ಜೆಯ ಸಪ್ಪಳ ಬಂತು. ಮುರಿಗೆಪ್ಪ ಹೊಸ್ತಿಲಿನ ತನಕ ಬಂದು ನಿಂತ. ಯಾರ ಮುಖವನ್ನೂ ನೋಡಲಿಲ್ಲ, ಬಾಗಿಲ ಚೌಕಟ್ಟನ್ನು ನೋಡುತ್ತ ಹೇಳಿದ, "ಮೊಳಿ ಇರಲಿ. ಮನಿ ನಂದು."

ಹಾಗೆಂದು ಬಗ್ಗಿ, ತನ್ನ ಮಣೆಯನ್ನು ಹೊಸ್ತಿಲಿನ ಮೇಲೆ ಅಡ್ಡ ಇಟ್ಟ.

ನಮ್ಮೂರಲ್ಲಿ ಒಳಗೆ ಎಳೆಗೂಸು ಮಲಗಿದ್ದರೆ ಅದರ ಮಣೆಯನ್ನು ಹೊಸ್ತಿಲಿಗೆ ಅಡ್ಡ ಇಡುತ್ತಾರೆ. ಬಂದವರು ಹೊರಗಿನಿಂದಲೇ ಹೋಗಬೇಕು. ಬೆಳೆದವರ ಮಣೆ ದಾಟಿದರೆ ಬರೀ ಬೈಗುಳ, ಕೂಸಿನ ಮಣೆ ದಾಟಿದರೆ ಮಾತ್ರ ಮಹಾಪಾಪ. ಅದರ ಆಯುಷ್ಯ ಕಡಿದ ಹಾಗೆ. ಕಳ್ಳರೂ ದಾಟುವುದಿಲ್ಲ. ಇಟ್ಟವರೇ ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ. ಇದನ್ನು ಮುರಿಗೆಪ್ಪನಿಗೆ ಯಾರೂ ಕಲಿಸಿರಲಿಲ್ಲ. ಓಣಿಯಲ್ಲಿ ಎಲ್ಲರೂ ಮಾಡುವುದನ್ನು ನೋಡಿದ್ದ. ಗದ್ದಲ ಹೊರಗಿರಲಿ ಎನ್ನಿಸಿದಾಗ ಅವನಿಗೂ ಅದೇ ತೋಚಿತು.

ಬಂಡಿಯವರು ಹೊಸ್ತಿಲಿನ ತನಕ ಬಂದು ಹಿಂದೆ ಸರಿದರು. ಆಯಾ ಗಿಲಕಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಪತ್ರೆಪ್ಪನವರೇ ಕೋಲೂರಿ ಎದ್ದು ಬಾಗಿಲಿಗೆ ಬಂದರು. ಬಿಸಿಲು ನೆತ್ತಿಗೆ ಹತ್ತಿತ್ತು, ಉಂಡ ಹೊಟ್ಟೆ, ಬೆವರು. ಅವರಿಗೂ ತಾಳ್ಮೆ ಹೋಗಿತ್ತು.

"ಏ, ತಗೀಯಲೇ ಅದನ್ನ! ಕೂಸಿನ ಮಣಿಯೇನದು? ನಲವತ್ತ ದಾಟಿದ ಗಂಡಸಾಗಿ ಆಟ ಹಚ್ಚಿ!"

ನಾನು ಅವರ ಹಿಂದೆಯೇ ನಿಂತಿದ್ದೆ. "ಏನಂದ್ರಿ ಹಿರೇರ? ಇನ್ನೊಮ್ಮೆ ಅನ್ರಿ."

"ಏನಂದೆ?"

"ಏನೋ ನಲವತ್ತ ದಾಟಿದ ಗಂಡಸು ಅಂದ್ರಿ. ಮಂದಿ ಕೇಳ್ಯಾರ. ಗಂಡಸಾದ್ರ ಮನಿ ಅವಂದು, ನೀವು ಹೊರಗ ನಡೀರಿ. ಕೂಸಾದ್ರ ಅದು ಕೂಸಿನ ಮಣಿ, ದಾಟ್ರಿ ನೋಡೂಣು. ಯಾವ್ದು ಹೇಳ್ರಿ. ಎರಡರಾಗ ಒಂದ ಹೇಳ್ರಿ, ನಾ ಇಲ್ಲೇ ನಿಂತೀನಿ."

ಕಟ್ಟೆಯ ಕಡೆ ಯಾರೋ ಕಿಸಕ್ಕೆಂದರು. ಚಹಾದ ಬಟ್ಟಲು ಕಳೆದುಕೊಂಡಿದ್ದ ಆ ಹೆಂಗಸೇ ಇರಬೇಕು. ಪತ್ರೆಪ್ಪನವರದು ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ. ಅವರು ಹೊಸ್ತಿಲಿನ ಮೇಲಿನ ಅಂಗೈಯಗಲದ ಮಣೆಯನ್ನು ನೋಡಿದರು, ಅದರ ನಡುವೆ ತುಕ್ಕು ಹಿಡಿದ ಮೊಳೆಯನ್ನು ನೋಡಿದರು. ಅದರಾಚೆ ನಿಂತಿದ್ದವನನ್ನು ನೋಡಲು ಕತ್ತು ಮೇಲೆತ್ತಬೇಕಾಯಿತು, ಮುರಿಗೆಪ್ಪ ಎತ್ತರದ ಆಳು. ಅಷ್ಟು ವರ್ಷಗಳಲ್ಲಿ ಅವರು ಅವನಿಗಾಗಿ ಕತ್ತು ಎತ್ತಿದ್ದು ನಾನು ಕಂಡಿರಲಿಲ್ಲ.

"ಅಕ್ಕ," ಎಂದ ಮುರಿಗೆಪ್ಪ. "ಬಿಸಿಲಾಗ ನಿಂತೀದಿ." ಬಗ್ಗಿ ಮಣೆ ಎತ್ತಿದ. ನಾನು ಒಳಗೆ ಹೋದೆ. ಪತ್ರೆಪ್ಪನವರು ಕೋಲು ಮುಂದಿಟ್ಟರು. ಅವನು ಮಣೆಯನ್ನು ಮತ್ತೆ ಅಡ್ಡ ಇಟ್ಟ. ಮುಖದಲ್ಲಿ ಸೇಡಿರಲಿಲ್ಲ, ಸಿಟ್ಟಿರಲಿಲ್ಲ. ಕರೆಯದವರು ಬರಬಾರದು, ಅಷ್ಟೇ.

ಆಗ ಇರುಪಾಕ್ಷಿ ಎದ್ದು ಬಂದ. ತನ್ನ ದೊಡ್ಡ ಮಣೆಯನ್ನು ಕಟ್ಟೆಯಲ್ಲೇ ಬಿಟ್ಟು ಬಂದಿದ್ದ. ನಗೆ ಎಲ್ಲೋ ಬಿದ್ದುಹೋಗಿತ್ತು. ಹೊಸ್ತಿಲಿನಾಚೆ ನಿಂತು, ಊರೆಲ್ಲ ಕೇಳುತ್ತಿರುವಾಗ, "ಮುರಿಗಾ, ನಾನೂ ಒಳಗ ಬರಲೇನು? ಇಲ್ಲಿ ಗದ್ದಲ ಬಾಳ ಆತು" ಎಂದ.

ಮುರಿಗೆಪ್ಪ ಯೋಚಿಸಿದ. ಅವನು ಯೋಚಿಸುವಾಗ ಅವಸರ ಮಾಡಬಾರದು. "ಚಪ್ಪಲಿ ಬಿಟ್ಟು ಬಾ," ಎಂದ ಕಡೆಗೆ. "ಮಾತಾಡಬ್ಯಾಡ."

"ಮಾತಾಡಂಗಿಲ್ಲ" ಎಂದ ಇರುಪಾಕ್ಷಿ. ಮುರಿಗೆಪ್ಪ ಮಣೆ ಎತ್ತಿ, ಅವನು ದಾಟಿದ ಮೇಲೆ ಮತ್ತೆ ಅಡ್ಡ ಇಟ್ಟ. ಒಳಗೆ ಬಂದವನು ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ, ಬರೀ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ.

ಹೊರಗೆ ಪತ್ರೆಪ್ಪನವರು ಇನ್ನೂ ನಿಂತಿದ್ದರು. ಊರ ಮುಂದೆ ಹಿಂದೆ ಸರಿಯುವಂತಿಲ್ಲ, ಮುಂದೆ ದಾಟುವಂತಿಲ್ಲ. "ಇವತ್ತ ಹಿಂಗಾತು. ನಾಳೆ?" ಎಂದರು. "ನೀ ಎಷ್ಟ ದಿನ ಇರ್ತೀಯವ್ವಾ? ನಿನ್ನ ಹಿಂದ ಯಾರು?"

ನಮ್ಮವ್ವ ಪ್ರತಿ ಪೂಜೆಯಲ್ಲಿ ಶಿವನನ್ನು ಕೇಳುತ್ತಿದ್ದದ್ದು ಅದನ್ನೇ. ನನಗಿಂತ ಒಂದು ದಿನ ಮೊದಲು ಅವನನ್ನು ಕರಕೊಳ್ಳಪ್ಪ ಎಂದು ಹೆತ್ತ ತಾಯಿ ಬೇಡುವಂತೆ ಮಾಡಿದ ಊರು ಇದು. ಆ ಪಾಪದ ಮುಂದೆ ಯಾವ ಮಣೆ ದಾಟಿದ ಪಾಪ ದೊಡ್ಡದು?

"ನನ್ನ ಹಿಂದ ನೀವ," ಎಂದೆ. "ಅದಕ್ಕ ಈಗ ಕುಂದರ್ರಿ. ನಿಮ್ಮ ಮಣಿ ಇಲ್ಲಿ ಬಾಗಿಲ ಮುಂದ ತರಸ್ರಿ. ಮೂರು ವರ್ಷದ ಕೂಸಿದ್ದಾಗ ಒಂದ ಹೊತ್ತು ನೋಡಿದ್ರಿ, ಅದರ ಮ್ಯಾಲ ನೋಡಿಲ್ಲ. ಈಗ ನೋಡ್ರಿ. ದಾಟಬ್ಯಾಡ್ರಿ, ಮುಟ್ಟಬ್ಯಾಡ್ರಿ, ಮಾತಾಡಸಬ್ಯಾಡ್ರಿ. ನೋಡ್ರಿ ಅಷ್ಟ."

ಅವರು ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಆದರೆ ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲುವುದು? ಕೈಸನ್ನೆ ಮಾಡಿದರು. ನಾಲ್ಕು ಆಳು ಮಣೆ ಹೊತ್ತು ತಂದರು. ಹಿರಿಯರು ಒಬ್ಬೊಬ್ಬರಾಗಿ ಬಾಗಿಲ ಮುಂದೆ ಬಂದು ಕೂತರು. ಬಂಡಿಯ ಎತ್ತುಗಳನ್ನು ನೆರಳಿಗೆ ಕಟ್ಟಿದರು.

ಮುರಿಗೆಪ್ಪ ಅವರನ್ನು ಮರೆತೇಬಿಟ್ಟ. ಗಣಾರಾಧನೆಗೆ ತಂದ ಜೋಳ ಉಳಿದಿತ್ತು. ಮೊರಕ್ಕೆ ಸುರಿದುಕೊಂಡು, ಬೆಳಕು ಬೀಳುವ ಕಡೆ ಕೂತು, ಹರಳು ಆರಿಸತೊಡಗಿದ. ಆರಿಸಿದ ಹರಳನ್ನು ಎಡಕ್ಕೆ ಗುಪ್ಪೆ ಹಾಕಿದ. ಒಂದು ಜೋಳದ ಕಾಳು ಹರಳಿನ ಗುಪ್ಪೆಗೆ ಹೋಯಿತು, ಅದನ್ನು ಕಾಣಲಿಲ್ಲ. ನಡುವೆ ಎದ್ದು ನೀರು ಕುಡಿದ. ಮೂಲೆಯಲ್ಲಿದ್ದ ಇರುಪಾ‌ಕ್ಷಿಯ ಹತ್ತಿರ ಒಂದು ತಂಬಿಗೆ ಇಟ್ಟು ಬಂದ. "ಅವ್ವ ಇಲ್ಲ" ಎಂದ, ಯಾರಿಗೂ ಅಲ್ಲ. ಕುತ್ತಿಗೆ ತುರಿಸಿಕೊಂಡ. ಮತ್ತೆ ಕೂತ. ಜೋಳ ಮೊರದಲ್ಲಿ ಸರ್ರೆಂದು ಸರಿಯುತ್ತಿತ್ತು.

ಬಹಳ ಹೊತ್ತಾಯಿತು. ಹಿರಿಯರಲ್ಲೊಬ್ಬರು ಆಕಳಿಸಿದರು. ಪತ್ರೆಪ್ಪನವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯದವರ ದನಿಯಲ್ಲಿ ಕೇಳಿದರು:

"ಇದರಾಗ ನೋಡೂದು ಏನೈತಿ ತಂಗಿ? ಎಲ್ಲಾರ ಮನ್ಯಾಗ ಇರೂದ ಐತಿ."

"ಅದನ್ನ ನೋಡ್ರಿ," ಎಂದೆ.